ವಿಷದ ಬಟ್ಟಲು, ಪುಸ್ತಕದ ಪೆಟ್ಟಿಗೆ, ಯಾರದೋ ಸೈಕಲ್ಲು

ಲೈಡನ್, ಬಿದ್ದ ದಿನ

ಹಾಲೆಂಡ್ ದೇಶದ ಲೈಡನ್ ಊರಿನಲ್ಲಿ ನಾನು ಮಾಡಿದ ಮೊದಲ ಕೆಲಸ ಸೈಕಲ್ಲಿನಿಂದ ಬಿದ್ದದ್ದು. ಮಾಸ್ತಿಯಲ್ಲಿ ಹೈಸ್ಕೂಲು ಓದುವಾಗ ಅಣ್ಣನ ಸೈಕಲ್ಲಿನ ಬಾರಿನಡಿ ಕಾಲು ತೂರಿಸಿ, ಒಳಪೆಡಲು ಹೊಡೆದು ಕಲಿತವಳು ನಾನು. ಮದುವೆಯಾಗಿ ಮಾಲೂರಿಗೆ ಬಂದ ಮೇಲೆ ಅದನ್ನು ಮುಟ್ಟಿರಲಿಲ್ಲ. ಒಮ್ಮೆ ಕಲಿತರೆ ಮರೆಯುವುದಿಲ್ಲ ಎನ್ನುತ್ತಾರಲ್ಲ, ನಾನು ಮರೆತಿರಲಿಲ್ಲ ನಿಜ. ಆದರೆ ನಾನು ಕಲಿತ ಸೈಕಲ್ಲೇ ಬೇರೆ. ಸುಮ್ಮನೆ ಹೋಗುವಾಗ ಪೆಡಲನ್ನು ಹಿಂದಕ್ಕೆ ಕರಕರ ತಿರುಗಿಸುವುದು ನಮ್ಮ ಕಡೆಯ ಚಟ. ಹಾಸ್ಟೆಲಿನವರು ಕೊಟ್ಟ ಸೈಕಲ್ಲಿಗೆ ಹಿಂದಕ್ಕೆ ತಿರುಗಿಸುವುದೇ ಬ್ರೇಕು. ಕೈಯಲ್ಲಿ ಬ್ರೇಕಿಲ್ಲ. ಕಾಲುವೆಯ ಸೇತುವೆ ಇಳಿಯುವಾಗ ಚಟಕ್ಕೆ ಬಿದ್ದು ತಿರುಗಿಸಿದೆ. ಸೈಕಲ್ಲು ನಿಂತಿತು, ನಾನು ಮುಂದಕ್ಕೆ ಹೋದೆ.

ಹಿಂದೆ ಬರುತ್ತಿದ್ದ ಒಬ್ಬ ಅಜ್ಜಿ ತನ್ನ ಸೈಕಲ್ಲಿಂದ ಇಳಿದು ನನ್ನನ್ನು ಎಬ್ಬಿಸಿದಳು. ಮೂಳೆ ಸರಿಯಿದೆಯೇ ಎಂದು ಮೊಣಕೈ ಹಿಡಿದು ನೋಡಿದಳು. ಸರಿಯಿದೆ ಎಂದು ಖಾತ್ರಿಯಾದ ಮೇಲೆ, ನಾನು ರಸ್ತೆಯ ತಪ್ಪು ಬದಿಯಲ್ಲಿದ್ದೇನೆಂದು ಬೈದು ಹೋದಳು. ನಮ್ಮೂರಿನಲ್ಲಾದರೆ ಬಿದ್ದವರಿಗೆ ಮೊದಲು ನೀರು ಕೊಡುತ್ತಾರೆ, ತಪ್ಪು ಯಾರದೆಂದು ಆಮೇಲೆ ಜಗಳ. ಇಲ್ಲಿ ನೀರೂ ಇಲ್ಲ, ಜಗಳವೂ ಇಲ್ಲ, ನೇರ ತೀರ್ಪು.

ನಾನು ಮಾಲೂರು ಕೋರ್ಟಿನಲ್ಲಿ ವಕೀಲಿ ಮಾಡುವವಳು, ಹೆಸರು ಗಿರಿಜಾ. ವಾರಕ್ಕೆರಡು ಸಲ ಕೋಲಾರಕ್ಕೆ ಹೋಗಿ ಕಾನೂನು ಕಾಲೇಜಿನಲ್ಲಿ ಪಾಠವನ್ನೂ ಮಾಡುತ್ತೇನೆ. ಅಲ್ಲಿ ನನಗಿಂತ ಹಿರಿಯರಾದ ಅಧ್ಯಾಪಕರು ಶ್ರೀನಿವಾಸಪುರದ ವೆಂಕಟರೆಡ್ಡಿಯವರು. ಪ್ರಾಚೀನ ಕಾಲದಿಂದ ಹಿಡಿದು ಯೂರೋಪಿನ ರಾಜರ ಕಾಲದವರೆಗೆ ಕಾನೂನು ಎಂದರೇನೆಂದು ಯಾರು ಯಾರು ಹೇಗೆ ಹೇಗೆ ಯೋಚಿಸಿದರು ಎಂಬುದರ ಬಗ್ಗೆ ಲೈಡನ್ನಿನಲ್ಲಿ ಒಂದು ಬೇಸಿಗೆ ಶಿಬಿರವಿತ್ತು. ರೆಡ್ಡಿ ಸಾರ್ ತಾವೂ ಅರ್ಜಿ ಹಾಕಿ, ನನ್ನ ಕೈಲೂ ಹಾಕಿಸಿದರು. ಇಬ್ಬರಿಗೂ ಸಿಕ್ಕಿತು. ಸೂಟ್‌ಕೇಸಿನ ಅರ್ಧ ಭಾಗ ಮಾವಿನಕಾಯಿ ಉಪ್ಪಿನಕಾಯಿ ತುಂಬಿಕೊಂಡು ಸಾರ್ ಹೊರಟರು. ಅವರೊಡನೆ ನಾನು.

ಹೊರಡುವ ಮುಂಚೆ ಇನ್ನೊಂದು ಸಂಗತಿ ನಡೆದಿತ್ತು. ನಾನು ನ್ಯಾಯಾಧೀಶೆಯ ಹುದ್ದೆಗೆ ಆಯ್ಕೆಯಾಗಿದ್ದೆ. ಆದರೆ ನೇಮಕದ ಆದೇಶ ಬರಬೇಕಾದರೆ ಪೊಲೀಸರು ವಿಚಾರಣೆ ಮಾಡಿ, ಈಕೆಯ ಮೇಲೆ ಯಾವ ಕೇಸೂ ಇಲ್ಲ ಎಂದು ವರದಿ ಕೊಡಬೇಕು. ಅದೊಂದು ಬಾಕಿಯಿತ್ತು. ಇಪ್ಪತ್ತು ವರ್ಷ ನ್ಯಾಯಪೀಠದ ಕೆಳಗೆ ನಿಂತು ಮಾತಾಡಿದವಳು ಮೇಲೆ ಕೂರುವುದಕ್ಕೆ ಅಷ್ಟೇ ಅಡ್ಡಿ. ನನ್ನ ಮೇಲೆ ಕೇಸೆಲ್ಲಿಂದ ಬರಬೇಕು ಎಂದುಕೊಂಡು ವಿಮಾನ ಹತ್ತಿದ್ದೆ.

ಕ್ಲಾಸಿನಲ್ಲಿ

ಪಾಠ ಮಾಡುತ್ತಿದ್ದವರು ಬಿಳಿ ಕೂದಲಿನ, ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರದ ಹೆಂಗಸು. ನಾವಿಬ್ಬರೂ ಅವರಿಗೆ ಪ್ರೊಫೆಸರಮ್ಮ ಎಂದು ಹೆಸರಿಟ್ಟೆವು. ಅವರು ದಿನಕ್ಕೊಂದು ಕಾಲದ ಮಾತು ಹೇಳುತ್ತಿದ್ದರು, ನನಗೆ ದಿನಕ್ಕೊಂದು ಸಲ ತಲೆ ಕೆಡುತ್ತಿತ್ತು.

ಮೊದಲ ದಿನ ಬಾಬಿಲೋನು. ಅಲ್ಲಿನ ರಾಜ ತನ್ನ ಕಟ್ಟಳೆಗಳನ್ನು ಕಲ್ಲಿನಲ್ಲಿ ಕೊರೆಸಿ, ಕೊನೆಗೆ ಇದನ್ನು ಅಳಿಸಿದವನು ಹಾಳಾಗಿ ಹೋಗಲಿ ಎಂದು ಶಾಪವನ್ನೂ ಹಾಕಿದ್ದನಂತೆ. ನಾನು ಕೈ ಎತ್ತಿ, ನಮ್ಮ ಕಡೆ ಗುಡಿಯ ಮುಂದಿನ ಶಾಸನದ ಕಲ್ಲುಗಳಲ್ಲೂ ಹೀಗೇ ಶಾಪವಿರುತ್ತದೆ ಎಂದೆ. ಪ್ರೊಫೆಸರಮ್ಮನಿಗೆ ಬಹಳ ಸಂತೋಷವಾಯಿತು. ಅಂಥ ಕಲ್ಲನ್ನು ಜನ ಹೇಗೆ ಕಾಪಾಡಿಕೊಂಡಿದ್ದಾರೆ ಎಂದು ಕೇಳಿದರು. ಕೆಲವುಗಳ ಮೇಲೆ ಬಟ್ಟೆ ಒಗೆಯುತ್ತಾರೆ ಎಂದು ಹೇಳಲು ನಾಲಿಗೆ ಬರಲಿಲ್ಲ.

ಎರಡನೇ ದಿನ ಗ್ರೀಕರು. ಬೆಂಕಿ ಎಲ್ಲ ಊರಿನಲ್ಲೂ ಒಂದೇ ಥರ ಸುಡುತ್ತದೆ, ಕಾನೂನು ಮಾತ್ರ ಊರಿಗೊಂದು ಥರ. ಹಾಗಾದರೆ ಎಲ್ಲ ಊರಿಗೂ ಸಲ್ಲುವ ಕಾನೂನು ಒಂದಿದೆಯೇ ಎಂಬುದು ಅವರಿಗೆ ಹತ್ತಿದ ಚಿಂತೆ. ಆಮೇಲೆ ರೋಮನರು ಬಂದರು, ಎಲ್ಲವನ್ನೂ ವಿಂಗಡಿಸಿ ಡಬ್ಬಿಗೆ ತುಂಬಿ ಇಟ್ಟರು: ಇದು ಮನುಷ್ಯ, ಇದು ವಸ್ತು, ಇದು ನಿನ್ನದು, ಇದು ನನ್ನದು. ಅಬ್ಬ, ಅರ್ಥವಾಯಿತು ಎಂದುಕೊಳ್ಳುವಷ್ಟರಲ್ಲಿ ಮಠದ ಸನ್ಯಾಸಿಗಳು ಬಂದರು. ಅವರು ದೇವರ ಕಾನೂನು ಮೇಲೆ, ಪ್ರಕೃತಿಯದು ನಡುವೆ, ಮನುಷ್ಯನದು ಕೆಳಗೆ ಎಂದು ಅಟ್ಟ ಕಟ್ಟಿದರು. ಕೊನೆಗೆ ಬಂದವರು ಅಟ್ಟವನ್ನೇ ಕಿತ್ತುಹಾಕಿ, ಕಾನೂನೆಂದರೆ ಅರಸನ ಆಜ್ಞೆ ಎಂದರು. ಅವರಲ್ಲೇ ಕೆಲವರು, ಅಲ್ಲ, ಜನ ತಮ್ಮೊಳಗೆ ಮಾಡಿಕೊಂಡ ಒಪ್ಪಂದ ಎಂದರು.

ಅರಸನೇ ಇಲ್ಲದಿದ್ದರೆ ಮನುಷ್ಯರು ಒಬ್ಬರನ್ನೊಬ್ಬರು ತಿಂದುಹಾಕುತ್ತಾರೆ ಎಂಬ ಮಾತು ಬಂದಾಗ ನಾನು ಮತ್ತೆ ಕೈ ಎತ್ತಿದೆ. ನಮ್ಮಲ್ಲಿ ಇದಕ್ಕೆ ಮತ್ಸ್ಯನ್ಯಾಯವೆಂಬ ಹಳೆಯ ಹೆಸರಿದೆ, ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದು ಎಂದೆ. ನಮ್ಮಮ್ಮನ ತವರು ಮುಳಬಾಗಿಲಿನ ಹತ್ತಿರದ ದೇವರಾಯಸಮುದ್ರ. ಅಲ್ಲಿನ ದೊಡ್ಡ ಕೆರೆಯ ಏರಿಯ ಮೇಲೆ ಕೂತು ಮೀನು ನೋಡಿದ ನೆನಪನ್ನೂ ಸೇರಿಸಿದೆ. ಎಲ್ಲರೂ ತಲೆದೂಗಿದರು. ಆಗ ಪ್ರೊಫೆಸರಮ್ಮ ಕೇಳಿದರು: "ಹಾಗಾದರೆ ನಿಮ್ಮಲ್ಲಿ ಕಾನೂನು ಎಂದರೆ ರಾಜನ ಕೈಯ ದಂಡವೋ, ಧರ್ಮವೋ?"

ನಾನು ಎರಡೂ ಎಂದೆ.

"ಎರಡೂ ಬೇರೆ ಬೇರೆ ಮಾತು ಹೇಳಿದ ದಿನ?"

ನಾನು ರೆಡ್ಡಿ ಸಾರ್ ಕಡೆ ನೋಡಿದೆ. ಸಾರ್ ಕಿಟಕಿಯ ಕಡೆ ನೋಡುತ್ತಿದ್ದರು.

ಅವತ್ತು ಮಧ್ಯಾಹ್ನದ ಊಟಕ್ಕೆ ತಣ್ಣನೆಯ ರೊಟ್ಟಿಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಚಾಕೊಲೇಟಿನ ಪುಡಿ. ಇಲ್ಲಿ ದೊಡ್ಡವರೂ ಅದನ್ನೇ ತಿನ್ನುತ್ತಾರೆ. ಬಿಸಿ ಮುದ್ದೆ ಉಣ್ಣುವ ಹೊತ್ತಿಗೆ ಇದನ್ನು ತಿನ್ನುವ ಜನ ಇಷ್ಟೆತ್ತರ ಹೇಗೆ ಬೆಳೆದರೆಂಬುದು ಕಾನೂನಿಗಿಂತ ದೊಡ್ಡ ಒಗಟಾಗಿ ಕಂಡಿತು. ಹಾಸ್ಟೆಲಿನ ಮೇಲ್ವಿಚಾರಕನ ತಾಯಿಯ ಹುಟ್ಟಿದ ಹಬ್ಬ ಬೇರೆ ಇತ್ತು. ಎಲ್ಲರೂ ಬಂದು ಅವನ ಕೈ ಕುಲುಕಿ ಅಭಿನಂದಿಸುತ್ತಿದ್ದರು, ಪಕ್ಕದಲ್ಲಿದ್ದ ನಮ್ಮನ್ನೂ ಬಿಡಲಿಲ್ಲ. ಯಾರದೋ ತಾಯಿ ಹುಟ್ಟಿದ್ದಕ್ಕೆ ನಮಗೇಕೆ ಅಭಿನಂದನೆಯೋ ತಿಳಿಯಲಿಲ್ಲ. ರೆಡ್ಡಿ ಸಾರ್ ಮಾತ್ರ ಎದೆಯ ಮೇಲೆ ಕೈಯಿಟ್ಟು, "ಎಲ್ಲಾ ಹಿರಿಯರ ಆಶೀರ್ವಾದ" ಎನ್ನುತ್ತಿದ್ದರು.

ಕೋಟೆ

ಶಿಬಿರ ಮುಗಿಯುವ ಮುಂಚೆ ನಮ್ಮನ್ನೆಲ್ಲ ಒಂದು ಹಳೆಯ ಕೋಟೆಗೆ ಕರೆದುಕೊಂಡು ಹೋಗುವುದೆಂದಿತ್ತು. ಬೆಳಿಗ್ಗೆ ರೈಲು. ನನಗೆ ಎಚ್ಚರವಾದದ್ದು ತಡ. ಮಂಡಿ ನೋವಿನ ರೆಡ್ಡಿ ಸಾರ್ ಆಗಲೇ ಬಸ್ಸಿನಲ್ಲಿ ಹೋಗಿಯಾಗಿತ್ತು. ನಾನು ಓಡಿ ಹೊರಗೆ ಬಂದು ಗೋಡೆಗೆ ಒರಗಿದ್ದ ಸೈಕಲ್ಲು ತೆಗೆದೆ. ಅದೇ ಕಪ್ಪು ಬಣ್ಣ, ಮುಂದೆ ಅದೇ ಹಾಲಿನ ಕ್ರೇಟಿನಂಥ ಪೆಟ್ಟಿಗೆ. ಕೀಲಿ ಬೀಗದಲ್ಲೇ ಇತ್ತು. ಅಯ್ಯೋ, ನಿನ್ನೆ ಮರೆತೇ ಹೋಗಿದ್ದೆನಲ್ಲ, ಯಾರೂ ಕದಿಯಲಿಲ್ಲ ಪುಣ್ಯಕ್ಕೆ, ಎಂದುಕೊಂಡೆ. ಸೀಟಿಗೆ ಹಳದಿ ಪ್ಲಾಸ್ಟಿಕ್ಕಿನ ಕವರು ಹಾಕಿತ್ತು. ಮಳೆಗೆಂದು ಮೇಲ್ವಿಚಾರಕ ಹಾಕಿರಬೇಕು. ಸೇತುವೆ ಇಳಿಯುವಾಗ ಹಿಂದಕ್ಕೆ ತುಳಿದೆ, ನಿಲ್ಲಲಿಲ್ಲ. ನೋಡಿದರೆ ಬ್ರೇಕು ಕೈಗೆ ಬಂದಿದೆ. ನಾನು ಬಿದ್ದದ್ದು ಕೇಳಿ ರಿಪೇರಿ ಮಾಡಿಸಿದ್ದಾರೆ, ಎಷ್ಟು ಒಳ್ಳೆಯ ಜನ, ಎಂದುಕೊಂಡೇ ಸ್ಟೇಷನ್ನು ಮುಟ್ಟಿದೆ. ಅಲ್ಲಿನ ಸೈಕಲ್ ಸ್ಟ್ಯಾಂಡು ನಮ್ಮ ರಾಗಿ ಹೊಲದಷ್ಟು ಅಗಲ. ಎಲ್ಲೋ ಒಂದು ಕಡೆ ತೂರಿಸಿ, ಕೀಲಿಯನ್ನು ಪರ್ಸಿಗೆ ಹಾಕಿಕೊಂಡು ರೈಲು ಹತ್ತಿದೆ.

ಕೋಟೆ ಇದ್ದದ್ದು ನದಿಗಳು ಕೂಡುವ ಕಡೆ. ದೋಣಿಯಲ್ಲಿ ದಾಟಿ ಹೋಗಬೇಕು. ಬಹಳ ಹಿಂದೆ ಈ ದೇಶದ ದೊಡ್ಡ ನ್ಯಾಯಪಂಡಿತನೊಬ್ಬನನ್ನು ಅಲ್ಲಿ ಜೀವಾವಧಿ ಸೆರೆಯಲ್ಲಿಟ್ಟಿದ್ದರಂತೆ. ದೇಶದೇಶಗಳ ನಡುವೆಯೂ ನ್ಯಾಯವಿರಬೇಕೆಂದು ವಾದಿಸಿದವನು ಅವನು. ಓದಲು ಅವನಿಗೆ ಪೆಟ್ಟಿಗೆಯಲ್ಲಿ ಪುಸ್ತಕ ತಂದುಕೊಡುತ್ತಿದ್ದರು. ಮೊದಮೊದಲು ಪೆಟ್ಟಿಗೆ ತೆಗೆದು ನೋಡುತ್ತಿದ್ದ ಕಾವಲಿನವರು ಬರಬರುತ್ತಾ ನೋಡುವುದನ್ನು ಬಿಟ್ಟರು. ಅವನ ಹೆಂಡತಿ ಅದನ್ನು ಗಮನಿಸಿ, ಒಂದು ದಿನ ಪುಸ್ತಕದ ಬದಲು ಗಂಡನನ್ನೇ ಪೆಟ್ಟಿಗೆಯೊಳಗೆ ಮಡಿಸಿಟ್ಟು ಹೊರಗೆ ಕಳಿಸಿಬಿಟ್ಟಳು. ಅಂಥದೊಂದು ಪೆಟ್ಟಿಗೆ ಅಲ್ಲಿದೆ. ಇಷ್ಟರೊಳಗೆ ಒಬ್ಬ ಗಂಡಸು ಹಿಡಿಸುತ್ತಾನೆಯೇ ಎಂದು ನಾನು ಅದರ ಸುತ್ತ ಸುತ್ತಿದೆ.

ಪ್ರೊಫೆಸರಮ್ಮ ಅದರ ಮುಂದೆ ನಮ್ಮನ್ನು ನಿಲ್ಲಿಸಿ ಪ್ರಶ್ನೆ ಹಾಕಿದರು. ಹಿಂದೆ ಅಥೆನ್ಸಿನಲ್ಲಿ ಒಬ್ಬ ಮುದುಕನಿಗೆ ಮರಣದಂಡನೆಯಾಗಿತ್ತು. ತಪ್ಪಿಸಿಕೊಳ್ಳಲು ಗೆಳೆಯರು ಎಲ್ಲ ಏರ್ಪಾಟು ಮಾಡಿದ್ದರೂ ಆತ ಊರಿನ ಕಾನೂನಿಗೆ ತಲೆಬಾಗಿ ವಿಷ ಕುಡಿದ. ಈತ ಪೆಟ್ಟಿಗೆಯಲ್ಲಿ ಕೂತು ಓಡಿಹೋದ. ಇಬ್ಬರೂ ಕಾನೂನನ್ನು ಪ್ರೀತಿಸಿದವರು. ಯಾರು ಸರಿ?

ರೆಡ್ಡಿ ಸಾರ್ ವಿಷದ ಪರ ಎದ್ದು ನಿಂತರು. ಕಾನೂನಿನ ನೆರಳಲ್ಲಿ ಬದುಕಿದವನು ಅದು ಸುಡುವ ದಿನ ಓಡಿಹೋಗಬಾರದು ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದ ರೀತಿಗೆ ಚಪ್ಪಾಳೆ ಬಿತ್ತು. ನಾನು ಪೆಟ್ಟಿಗೆಯ ಪರ. ಅನ್ಯಾಯದ ಸೆರೆಯಿಂದ ಓಡುವುದು ತಪ್ಪಲ್ಲ ಎಂದೆ. ಆ ಹೆಂಡತಿಯ ಧೈರ್ಯವನ್ನು ಹೊಗಳಿದೆ. ನನಗೂ ಚಪ್ಪಾಳೆ ಬಿತ್ತು. ಯಾರು ಗೆದ್ದರೆಂದು ಪ್ರೊಫೆಸರಮ್ಮ ಹೇಳಲೇ ಇಲ್ಲ.

ಎರಡು ಕೀಲಿ

ವಾಪಸು ಬರುವಾಗ ಜೋರು ಮಳೆ. ಸೈಕಲ್ಲು ನಾಳೆ ತಂದರಾಯಿತೆಂದು ನಾನೂ ಸಾರ್ ಜೊತೆ ಬಸ್ಸು ಹತ್ತಿದೆ. ಹಾಸ್ಟೆಲಿನ ಮುಂದೆ ಇಳಿದರೆ ನನ್ನ ಸೈಕಲ್ಲು ಗೋಡೆಗೆ ಒರಗಿಕೊಂಡು ಮಳೆಯಲ್ಲಿ ನೆನೆಯುತ್ತಿದೆ.

ನಾನು ನಿಂತೇಬಿಟ್ಟೆ. ಸ್ಟೇಷನ್ನಿನಲ್ಲಿ ಬಿಟ್ಟದ್ದು ನನಗಿಂತ ಮುಂಚೆ ಇಲ್ಲಿಗೆ ಹೇಗೆ ಬಂತು? ಹತ್ತಿರ ಹೋಗಿ ನೋಡಿದೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಹಾಸ್ಟೆಲಿನ ನಂಬರು. ಸೀಟಿಗೆ ಕವರಿಲ್ಲ. ಕೈಯಲ್ಲಿ ಬ್ರೇಕಿಲ್ಲ. ಪರ್ಸು ತೆಗೆದು ಕೈಯಾಡಿಸಿದರೆ ಎರಡು ಕೀಲಿ ಸಿಕ್ಕವು.

ಅಷ್ಟರಲ್ಲಿ ಮೇಲ್ವಿಚಾರಕ ಬಾಗಿಲಿಗೆ ಬಂದು, ನಿಮ್ಮ ಸೈಕಲ್ಲಿಗೆ ಬೀಗ ಹಾಕಿದ್ದೀರಲ್ಲ ಎಂದು ವಿಚಾರಿಸಿದ. ಬೆಳಿಗ್ಗೆ ಪೊಲೀಸರು ಬಂದಿದ್ದರಂತೆ. ಮನೆಮನೆಗೆ ಹೋಗಿ ವಯಸ್ಸಾದವರಿಗೆ ಇಂಜೆಕ್ಷನ್ ಕೊಡುವ ನರ್ಸೊಬ್ಬಳು ಪಕ್ಕದ ಮನೆಗೆ ಔಷಧಿ ಕೊಡಲು ಒಂದು ನಿಮಿಷ ಒಳಗೆ ಹೋಗಿದ್ದಳಂತೆ. ಬರುವಷ್ಟರಲ್ಲಿ ಸೈಕಲ್ಲು ಕಳವು.

ಕಳವು. ಕೋರ್ಟಿನಲ್ಲಿ ದಿನವೂ ಕೇಳುವ ಶಬ್ದ. ನನ್ನನ್ನು ಕುರಿತು ಕೇಳಿದ್ದು ಮೊದಲ ಸಲ.

ರೆಡ್ಡಿ ಸಾರ್‌ಗೆ ಗಾಬರಿಯಾದರೆ ತೆಲುಗು ಬರುತ್ತದೆ. "ಇದೇಂದಮ್ಮಾ ಇದಿ" ಎಂದು ಊಟದ ಮನೆಯ ಬೆಂಚಿನ ಮೇಲೆ ಕೂತುಬಿಟ್ಟರು. ನಾನು ನಡೆದದ್ದನ್ನು ಹೇಳಿ, ಬೆಳಿಗ್ಗೆ ಪೊಲೀಸರ ಹತ್ತಿರ ಹೋಗುತ್ತೇನೆ ಎಂದೆ.

"ಯಾಕಮ್ಮಾ? ನಾಡಿದ್ದು ಪ್ಲೈಟು ಐತೆ. ಆ ಕೀಲಿ ಒಂದು ಕವರಲ್ಲಾಕಿ, ಸೈಕಲ್ಲು ಸ್ಟೇಷನ್ ತಾವ ಐತೆ ಅಂತ ಬರ್ದು, ಆ ಪಕ್ಕದ ಮನೆ ಬಾಗಿಲ ಕೆಳಗೆ ತೂರ್ಸು. ಸಾಕು."

"ಬೆಳಿಗ್ಗೆ ನೀವೇ ವಿಷ ಕುಡೀಬೇಕು ಅಂದ್ರಲ್ಲ ಸಾರ್."

"ಅದು ಪಾಠದ ಮಾತಮ್ಮಾ." ಸಾರ್ ತಗ್ಗಿದ ದನಿಯಲ್ಲಿ ಹೇಳಿದರು. "ನಿಂಗೆ ಊರಲ್ಲಿ ಪೊಲೀಸ್ ವೆರಿಫಿಕೇಶನ್ ಬಾಕಿ ಐತೆ. ಇಲ್ಲಿ ಏನಾನಾ ಒಂದು ನಂಬರು ಹಾಕಿ ಕೇಸು ಅಂತ ಬರ್ಕೊಂಡ್ರೆ, ಜಡ್ಜ್ ಆಗೋದು ಅಲ್ಲಿಗೇ ಆಯ್ತು. ನೀನೂ ಪೆಟ್ಟಿಗೆ ಪರ ಮಾತಾಡ್ದವಳೇ ಅಲ್ವಾ? ಕೂತ್ಕೋ ಪೆಟ್ಟಿಗೇಲಿ."

ಮಾಲೂರಿಗೆ ಫೋನು ಮಾಡಿದೆ. ನನ್ನ ಯಜಮಾನರು ಎಲ್ಲ ಕೇಳಿಸಿಕೊಂಡು, "ಸುಮ್ನೆ ಬಂದ್ಬಿಡು ಕಣೇ. ಕದಿಯೋಕೆ ಹೋದವಳಾ ನೀನು? ಇಲ್ವಲ್ಲ. ಮತ್ಯಾಕೆ?" ಎಂದರು.

ಕಾನೂನೂ ಅದನ್ನೇ ಹೇಳುತ್ತದೆ. ಅಪ್ರಾಮಾಣಿಕ ಉದ್ದೇಶವಿಲ್ಲದಿದ್ದರೆ ಕಳವಿಲ್ಲ. ಕೋಲಾರದಲ್ಲಿ ಎಷ್ಟು ವರ್ಷದಿಂದ ಇದನ್ನು ಪಾಠ ಮಾಡಿದ್ದೇನೆ. ಹಾಗಾದರೆ ನಾನು ಹೆದರಿದ್ದೇಕೆ? ತಪ್ಪು ಮಾಡಿಲ್ಲವೆಂದಾದರೆ ಪೊಲೀಸರ ಹತ್ತಿರ ಹೋಗುವ ಅಗತ್ಯವಿಲ್ಲ, ತಪ್ಪು ಮಾಡಿದ್ದರೆ ಓಡುವಂತಿಲ್ಲ. ನಾನು ಯಾವ ಪಂಗಡಕ್ಕೆ ಸೇರಿದವಳೆಂದೇ ಬಗೆಹರಿಯಲಿಲ್ಲ. ಆ ಪಂಡಿತನ ಮೇಲಿದ್ದದ್ದು ಅನ್ಯಾಯದ ಶಿಕ್ಷೆ. ನನಗೆ ಇನ್ನೂ ಶಿಕ್ಷೆಯೇ ಆಗಿಲ್ಲ. ಹೀಗೆ ಯೋಚಿಸಿ ಯೋಚಿಸಿ ಕೊನೆಗೆ ಉಳಿದದ್ದು ಒಂದೇ: ಯಾರದೋ ಸೈಕಲ್ಲಿನ ಕೀಲಿ ನನ್ನ ಪರ್ಸಿನಲ್ಲಿದೆ.

ಪೊಲೀಸ್ ಠಾಣೆ

ಬೆಳಿಗ್ಗೆ ಒಬ್ಬಳೇ ಹೋದೆ. ಠಾಣೆ ಎಂದರೆ ಬ್ಯಾಂಕಿನ ಹಾಗೆ. ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತವರು ಯಾರೂ ಇಲ್ಲ, ಹೊರಗೆ ಜಪ್ತಿಯಾಗಿ ತುಕ್ಕು ಹಿಡಿದ ಬೈಕುಗಳಿಲ್ಲ. ಕಿವಿಗೆ ಓಲೆ ಹಾಕಿದ್ದ ಹುಡುಗನಂಥ ಅಧಿಕಾರಿ ಕಾಫಿ ಕೊಟ್ಟ. ಬಿಸ್ಕತ್ತಿನ ಡಬ್ಬಿ ತೆಗೆದು, ನಾನು ಒಂದು ತೆಗೆದುಕೊಂಡ ಮೇಲೆ ಮುಚ್ಚಳ ಮುಚ್ಚಿದ. ಅದು ಆ ದೇಶದ ಪದ್ಧತಿ, ಆರೋಪಿ ಎಂದಲ್ಲ. ಆದರೆ ಆಗ ನನಗೆ ಹಾಗೇ ಅನ್ನಿಸಿತು.

"ನಿಮ್ಮ ಸೈಕಲ್ ಯಾವಾಗ ಕಳೆಯಿತು?" ಎಂದ.

"ಕಳೆದಿಲ್ಲ. ಬೇರೆಯವರದು ನನ್ನ ಹತ್ತಿರ ಇದೆ."

ಅವನು ಟೈಪು ಮಾಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಎಲ್ಲ ಹೇಳಿದೆ. ಅವನು ನಿಧಾನವಾಗಿ ಕೇಳುತ್ತ ಹೋದ.

"ಕೀಲಿ ಬೀಗದಲ್ಲೇ ಇದ್ದದ್ದು ವಿಚಿತ್ರ ಅನ್ನಿಸಲಿಲ್ಲವೇ?"

"ನಾನೇ ಮರೆತೆ ಅಂದುಕೊಂಡೆ."

"ಸೀಟಿನ ಮೇಲೆ ಕವರು?"

"ಹಾಸ್ಟೆಲಿನವರು ಹಾಕಿದ್ದಾರೆ ಅಂದುಕೊಂಡೆ."

"ಬ್ರೇಕು ಬೇರೆ ಇದ್ದದ್ದು ಗೊತ್ತಾಯಿತೇ?"

"ಗೊತ್ತಾಯಿತು. ರಿಪೇರಿ ಮಾಡಿಸಿದ್ದಾರೆ ಅಂದುಕೊಂಡೆ."

ಒಂದೊಂದೇ ಆಗಿ ಬಂದಾಗ ಸರಿಯಾಗಿಯೇ ಇದ್ದ ಯೋಚನೆಗಳು ಹೀಗೆ ಸಾಲಾಗಿ ನಿಂತಾಗ ನನಗೇ ನಂಬಿಕೆ ಬರಲಿಲ್ಲ. ಎದುರು ಪಕ್ಷದ ವಕೀಲೆಯಾಗಿದ್ದರೆ ಈ ಸಾಕ್ಷಿಯನ್ನು ಐದು ನಿಮಿಷದಲ್ಲಿ ಹರಿದುಹಾಕುತ್ತಿದ್ದೆ. ನಿಜವಾಗಿ ನನಗೆ ಗೊತ್ತಿರಲಿಲ್ಲವೇ? ರೈಲು ತಪ್ಪೀತೆಂಬ ಭಯಕ್ಕೆ ಗೊತ್ತು ಮಾಡಿಕೊಳ್ಳಲು ನಾನೇ ಒಪ್ಪಲಿಲ್ಲವೇ? ಈಗಲೂ ಪ್ರಮಾಣ ಮಾಡಿ ಹೇಳಲಾರೆ.

ಅವನು ಸ್ವಲ್ಪ ಹೊತ್ತು ಟೈಪು ಮಾಡಿ ಹೇಳಿದ: "ಇದು ಕಳವಲ್ಲ. ಉದ್ದೇಶವಿರಲಿಲ್ಲ. ನಿಮ್ಮ ಮೇಲೆ ಕೇಸಿಲ್ಲ."

ಎದ್ದು ಎರಡೂ ಕೈ ಜೋಡಿಸಿದೆ. ಅವನು ಕೂರುವಂತೆ ಸನ್ನೆ ಮಾಡಿದ. "ಆ ನರ್ಸಿಗೆ ಸುದ್ದಿ ಕಳಿಸಿದ್ದೇನೆ, ಬರುತ್ತಿದ್ದಾಳೆ. ಮಾತಾಡಿ ಹೋಗಿ. ಕಾನೂನು ಹಾಗೆ ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ."

ಆಶಾ

ಬಂದವಳನ್ನು ನೋಡಿ ನನಗೆ ಜೀವ ಬಂದಂತಾಯಿತು. ನಮ್ಮದೇ ಬಣ್ಣ, ನಮ್ಮದೇ ಮುಖ. ಹೆಸರು ಆಶಾ. ನಾನು ಕೋಲಾರದ ಉರ್ದು ಬೆರೆತ ಹಿಂದಿಯಲ್ಲಿ, ಹಿಂದೂಸ್ತಾನದವರಾ ಎಂದು ಕೇಳಿದೆ. ಅವಳು ಹಿಂದಿಯಂತೆ ಕೇಳಿಸುವ ಏನನ್ನೋ ಹೇಳಿದಳು, ಮೂರು ಮಾತಿಗೆ ಒಂದು ಅರ್ಥವಾಯಿತು. ನನ್ನದು ಅವಳಿಗೆ ಅಷ್ಟೂ ಆಗಲಿಲ್ಲ. ಇಬ್ಬರೂ ಇಂಗ್ಲಿಷಿಗೆ ಬಂದೆವು. ಅವಳ ಮುತ್ತಜ್ಜಿಯನ್ನು ಬಿಹಾರದ ಕಡೆಯಿಂದ ಕಬ್ಬಿನ ತೋಟದ ಕೂಲಿಗೆಂದು ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗಿನಲ್ಲಿ ಒಯ್ದಿದ್ದರಂತೆ. ಅಲ್ಲಿಂದ ಈ ಸಂಸಾರ ಹಾಲೆಂಡಿಗೆ ಬಂದಿತ್ತು.

"ನಮ್ಮವಳೇ ಸಿಕ್ಕಳು ಅಂತ ಸಮಾಧಾನ ಮಾಡಿಕೊಳ್ಳಬೇಡಿ" ಎಂದಳು. "ಬನ್ನಿ, ಸೈಕಲ್ ತೋರಿಸಿ."

ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಸಾಲು ಸಾಲು ಹುಡುಕಿದೆವು. ಹಳದಿ ಕವರನ್ನು ನೋಡಿ ಓಡಿದರೆ ಬೇರೆ ಸೈಕಲ್ಲು. ಯಾವುದೋ ಅಂಗಡಿಯವರು ಊರಿಗೆಲ್ಲ ಹಂಚಿದ ಕವರಂತೆ ಅದು, ಹತ್ತಕ್ಕೆ ಒಂದು ಹಳದಿ. ಹುಡುಕುತ್ತಲೇ ಅವಳು ಹೇಳಿದಳು. ಹಿಂದಿನ ದಿನ ಬೆಳಿಗ್ಗೆ ಅವಳು ಹೋಗಬೇಕಾಗಿದ್ದ ಮುಂದಿನ ಮನೆಯಲ್ಲಿ ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಒಬ್ಬರೇ ಇದ್ದಾರೆ. ಇಂಜೆಕ್ಷನ್ ಆಗದೆ ಅವರು ತಿಂಡಿ ಮುಟ್ಟುವಂತಿಲ್ಲ. ಇವಳು ಸೈಕಲ್ಲು ಹುಡುಕಿ, ಪೊಲೀಸರಿಗೆ ದೂರು ಕೊಟ್ಟು, ನಡೆದುಕೊಂಡೇ ಹೋಗಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಅಷ್ಟು ಹೊತ್ತೂ ಅವರು ಹಸಿದು ಕಾದಿದ್ದರು.

ನಾನು ಹೇಳಬಾರದ್ದನ್ನು ಹೇಳಿದೆ. "ಪೊಲೀಸರು ಕೇಸಾಗಲ್ಲ ಅಂದರು."

"ಗೊತ್ತು." ಅವಳು ತಿರುಗಿಯೂ ನೋಡಲಿಲ್ಲ. "ನನ್ನ ಮುತ್ತಜ್ಜಿ ಹಡಗು ಹತ್ತುವ ಮುಂಚೆ ಒಂದು ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಎಲ್ಲಿಗೆ ಹೋಗುತ್ತೇನೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಅದರ ಮೇಲೂ ಯಾರೂ ಕೇಸು ಹಾಕಲಿಲ್ಲ. ಎಲ್ಲಾ ಕಾನೂನಿನ ಪ್ರಕಾರವೇ ಇತ್ತು."

ಕಾನೂನೆಂದರೆ ಜನರು ಮಾಡಿಕೊಂಡ ಒಪ್ಪಂದ ಎಂದು ಕ್ಲಾಸಿನಲ್ಲಿ ಬರೆದುಕೊಂಡಿದ್ದೆ. ಚೆನ್ನಾಗಿದೆ ಅನ್ನಿಸಿ ಅಡಿಗೆರೆಯನ್ನೂ ಹಾಕಿದ್ದೆ. ಆ ಗೆರೆಯ ಕೆಳಗೆ ಒಬ್ಬ ಹೆಂಗಸಿನ ಹೆಬ್ಬೆಟ್ಟು ಬಿದ್ದಿರಬಹುದೆಂದು ಯೋಚಿಸಿರಲಿಲ್ಲ.

ಸೈಕಲ್ಲು ಸಿಕ್ಕಿತು, ನಾವು ಮೊದಲು ನೋಡಿದ ಸಾಲಿನಲ್ಲೇ. ಅವಳು ಮಡ್‌ಗಾರ್ಡಿನ ಗೀರನ್ನು ಬೆರಳಲ್ಲಿ ಸವರಿ ಗುರುತು ಹಿಡಿದಳು. ಕೀಲಿ ಕೊಟ್ಟೆ. ಏನಾದರೂ ಕೊಡಬೇಕೇ ಎಂದು ಕೇಳಿದೆ.

"ಏನೂ ಬೇಡ. ಈಗ ಆ ಮುದುಕರ ಮನೆಗೇ ಹೋಗುತ್ತಿದ್ದೇನೆ. ಬಂದು ಅವರಿಗೆ ಹೇಳಿ."

ಮೂರನೇ ಮಹಡಿ

ಆ ಮನೆಯ ಮೆಟ್ಟಿಲೆಂದರೆ ನಮ್ಮ ಅಟ್ಟಕ್ಕೆ ಇಡುವ ಏಣಿಯಷ್ಟು ಕಡಿದು. ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತಿದೆ. ಮುದುಕರು ಮೊದಲು ಕಾಲುವೆಯ ತೂಬು ಎತ್ತುವ, ಇಳಿಸುವ ಕೆಲಸದಲ್ಲಿದ್ದರಂತೆ. ನಮ್ಮ ಕೆರೆಯ ನೀರುಗಂಟಿ ಇದ್ದಹಾಗೆ. ನನ್ನನ್ನು ಹೊಸ ನರ್ಸೆಂದು ತಿಳಿದು, ನಾನು ಬಾಯಿ ತೆಗೆಯುವ ಮುಂಚೆಯೇ ಅಂಗಿ ಎತ್ತಿ ಹೊಟ್ಟೆ ತೋರಿಸಿದರು. ಆಶಾ ಬಂದು ಸೂಜಿ ಚುಚ್ಚಿದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಆಮೇಲೆ ಹೇಳಿದೆ. ನಿನ್ನೆ ನಿಮ್ಮ ನರ್ಸಿನ ಸೈಕಲ್ಲು ತಂದವಳು ನಾನು, ನಿಮಗೆ ತೊಂದರೆಯಾಯಿತು, ಕ್ಷಮಿಸಿ ಎಂದೆ. ಆಶಾ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಅವರು ಬಹಳ ಹೊತ್ತು ನನ್ನ ಸೀರೆಯನ್ನೂ ಮುಖವನ್ನೂ ನೋಡಿ ಏನೋ ಕೇಳಿದರು.

"ಪೊಲೀಸರು ಶಿಕ್ಷೆ ಕೊಟ್ಟರಾ ಅಂತ ಕೇಳ್ತಿದ್ದಾರೆ."

"ಇಲ್ಲ. ತಪ್ಪಿಲ್ಲ ಅಂದರು."

ಮತ್ತೆ ಏನೋ ಕೇಳಿದರು.

"ತಪ್ಪಿಲ್ಲದಿದ್ದರೆ ಯಾಕೆ ಬಂದಳು, ಅಂತಾರೆ."

ಬಾಬಿಲೋನಿನಿಂದ ಹಿಡಿದು ಎಲ್ಲರನ್ನೂ ನೆನೆಸಿಕೊಂಡೆ. ಯಾರೂ ಒದಗಲಿಲ್ಲ. "ಗೊತ್ತಿಲ್ಲ ಅಂತ ಹೇಳಿ" ಎಂದೆ.

ಮುದುಕರು ತಟ್ಟೆಯಲ್ಲಿದ್ದ ರೊಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ಬೆಣ್ಣೆ ಸವರುತ್ತ ಒಂದು ಮಾತು ಹೇಳಿದರು. ಮತ್ತೆ ನನ್ನ ಕಡೆ ನೋಡಲಿಲ್ಲ.

ಮೆಟ್ಟಿಲಿಳಿಯುವಾಗ ಆಶಾಳನ್ನು ಕೇಳಿದೆ. "ಕೊನೆಗೆ ಏನಂದರು? ಕ್ಷಮಿಸಿದರಾ?"

"ನಿನ್ನೆ ರೊಟ್ಟಿ ಒಣಗಿತ್ತು ಅಂದರು."

"ಅಷ್ಟೇನಾ?"

"ಅಷ್ಟೇ."

ಅವಳು ಸೈಕಲ್ಲು ಹತ್ತಿ ಹೊರಟಳು. ಕಾಲುವೆಯ ತಿರುವಿನಲ್ಲಿ ಒಮ್ಮೆ ಕೈ ಎತ್ತಿದಳು. ನನಗೆ ಬೀಸಿದಳೋ, ತಿರುಗುವ ಸನ್ನೆ ಮಾಡಿದಳೋ ತಿಳಿಯಲಿಲ್ಲ.

ಹಾಸ್ಟೆಲಿನ ಬಾಗಿಲಲ್ಲಿ ರೆಡ್ಡಿ ಸಾರ್ ಕಾಯುತ್ತಿದ್ದರು. "ಬಿಟ್ಟುಬಿಟ್ರಾ ಅಮ್ಮಾ?"

"ಬಿಟ್ಟುಬಿಟ್ರು ಸಾರ್."

ಅವರು ದೊಡ್ಡ ಉಸಿರು ಬಿಟ್ಟರು. ಆಮೇಲೆ ಮೆಲ್ಲಗೆ, "ನೀನು ಬರೋದು ತಡ ಆದ್ರೆ ನಾನೇ ಬಂದು ನಿನ್ ಪರ ನಿಂತ್ಕೊಳ್ಳೋಣ ಅಂತ ಕೋಟು ಹಾಕ್ಕೊಂಡಿದ್ದೆ" ಎಂದರು. ನಿಜ, ಆ ಸೆಖೆಯಲ್ಲೂ ಕೋಟು ಹಾಕಿದ್ದರು.

ಮಾಲೂರು

ನೇಮಕದ ಆದೇಶ ಬಂದದ್ದು ಇದೆಲ್ಲ ಆಗಿ ಕೆಲವು ತಿಂಗಳ ಮೇಲೆ. ಅದಕ್ಕೂ ಮುಂಚಿನ ಒಂದು ಬೆಳಗಿನ ಮಾತು ಹೇಳಬೇಕು.

ಊರಿಗೆ ಬಂದ ಮೇಲೆ ವಿಚಾರಣೆಗೆಂದು ದಫೇದಾರರು ಮನೆಗೆ ಬಂದರು. ಹೆಸರು ಮುನಿಯಪ್ಪ, ಕೋರ್ಟಿನಲ್ಲಿ ನೋಡಿದ ಪರಿಚಯ. ಕಾಫಿ ಕೊಟ್ಟೆ. ಅವರು ಸಂಕೋಚದಿಂದಲೇ ಕೇಳಿದರು.

"ಕೇಳ್ಬೇಕು ಅಂತ ಕೇಳ್ತಾ ಇದೀನಿ ಮೇಡಂ. ನಿಮ್ ಮ್ಯಾಲೆ ಯಾವ್ದಾನಾ ಕೇಸು ಗೀಸು?"

ಇಲ್ಲ ಎನ್ನುವುದಷ್ಟೇ ಬಾಕಿ. ಅದು ಸುಳ್ಳೂ ಅಲ್ಲ. ಒಳಗಿನಿಂದ ಯಜಮಾನರು ಕೆಮ್ಮಿದರು. ನಾನು ಕೂತು ಎಲ್ಲವನ್ನೂ ಹೇಳಿದೆ, ಕವರು, ಬ್ರೇಕು, ರೊಟ್ಟಿ ಸಮೇತ. ಮುನಿಯಪ್ಪನವರು ಕಾಫಿ ಮರೆತು ಕೇಳಿದರು.

"ಆ ಊರು ನಮ್ ಸ್ಟೇಷನ್ ಲಿಮಿಟ್ಸಿಗೆ ಬರಲ್ಲ ಮೇಡಂ" ಎಂದರು ಕೊನೆಗೆ.

"ಬರಲ್ಲ. ಆದ್ರೂ ಬರ್ಕೊಳ್ಳಿ."

"ಏನಂತ ಬರ್ಕೊಳ್ಳಲಿ? ಅವರೇ ಕೇಸಿಲ್ಲ ಅಂದವ್ರೆ. ಕಳ್ತನ ಅಂತ ಬರೆಯಂಗಿಲ್ಲ. ಏನೂ ಇಲ್ಲ ಅಂತ ಬರೆದ್ರೆ ನೀವು ಒಪ್ತಾ ಇಲ್ಲ." ಅವರು ಪೆನ್ನನ್ನು ನನ್ನ ಕಡೆ ಚಾಚಿದರು. "ನೀವೇ ಒಂದು ಲೈನು ಬರ್ದು ಕೊಡಿ ಮೇಡಂ. ನೀವು ಬರೆದಂಗೆ ನಾನು ಸೇರಿಸ್ಕೊಂಡೋಗ್ತೀನಿ."

ನಾನು ಹಾಳೆ ತೆಗೆದುಕೊಂಡೆ. 'ಲೈಡನ್ ನಗರದಲ್ಲಿ ಇನ್ನೊಬ್ಬರ ಸೈಕಲ್ಲನ್ನು ನಾನು' ಎಂದು ಬರೆಯುವವರೆಗೆ ತೊಂದರೆಯಾಗಲಿಲ್ಲ. ಕದ್ದೆ ಎನ್ನಲೇ? ಕದಿಯಲಿಲ್ಲ. ತೆಗೆದುಕೊಂಡೆ ಎಂದರೆ ಅವಳೇ ಕೊಟ್ಟ ಹಾಗಾಗುತ್ತದೆ. ತಪ್ಪಿ ತಂದೆ ಎಂದರೆ ನನ್ನ ಪರ ನಾನೇ ವಾದ ಮಾಡಿದ ಹಾಗೆ. ಇಪ್ಪತ್ತು ವರ್ಷ ಬೇರೆಯವರ ಕೆಲಸಗಳಿಗೆ ಕ್ರಿಯಾಪದ ಹುಡುಕಿಕೊಟ್ಟವಳಿಗೆ ಒಂದು ಪದ ಸಿಗಲಿಲ್ಲ. ಮುನಿಯಪ್ಪನವರು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕಾದರು.

ಕೊನೆಗೆ 'ಒಯ್ದೆ' ಎಂದು ಬರೆದು ಸಹಿ ಹಾಕಿದೆ.

ಅವರು ಅದನ್ನು ತುಟಿಯಲ್ಲೇ ಎರಡು ಸಲ ಓದಿಕೊಂಡರು. "ಒಯ್ದೆ" ಎಂದು ಜೋರಾಗಿಯೂ ಒಮ್ಮೆ ಹೇಳಿ ನೋಡಿದರು. ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.